ಗಾಜಿನ ಕಣ್ಣು ಮಾಡುವವನ ಸಾವು

ಗಾಜಿನ ಕಣ್ಣು ತಯಾರಿಸುವ ಯಜಮಾನ ತನ್ನ ಕೆಲಸದ ಕೋಣೆಯಲ್ಲೇ ಸತ್ತು ಬಿದ್ದಿದ್ದ. ಪಕ್ಕದಲ್ಲಿ ಉರುಳಿದ ಸ್ಟೂಲು. ಬಲಗೈಯಲ್ಲಿ ಒಡೆದ ಪೆಟ್ಟಿಗೆಯ ಹಿಡಿ. ನೆಲದ ತುಂಬ ಕಣ್ಣುಗಳು. ಇನ್‌ಸ್ಪೆಕ್ಟರಳ ಬೂಟಿಗೆ ತಾಗಿದ ಒಂದು ಕಣ್ಣು ಮೆಲ್ಲಗೆ ಉರುಳಿ, ಅವಳತ್ತಲೇ ತಿರುಗಿ ನಿಂತಿತು.

"ಮೇಲಿನ ಹಲಗೆಯಿಂದ ಪೆಟ್ಟಿಗೆ ತೆಗೀತಿದ್ರು," ಅವನ ವ್ಯಾಪಾರದ ಪಾಲುದಾರ ಹೇಳಿದ. "ಬಾಗಿಲಲ್ಲೇ ನಿಂತಿದ್ದೆ. ಬಲಗೈ ಎತ್ತಿ ಎಳೆದ್ರು, ಆಯ ತಪ್ತು. ತಲೆ ನೆಲದ ಕಲ್ಲಿಗೆ ಬಡೀತು. ತಿಂಗಳ ಮೇಲೆ ಊರಿಗೆ ಬಂದೆ, ಇವತ್ತೇ ಹೀಗಾಗ್ಬೇಕಾ!"

"ಲಿವರ್ ಕ್ಯಾನ್ಸರು, ಶ್ವಾಸಕೋಶಕ್ಕೂ ಹರಡಿತ್ತಂತೆ," ಕಾನ್‌ಸ್ಟೇಬಲ್ ಪಿಸುಗುಟ್ಟಿದ. "ತಲೆ ಸುತ್ತಿರ್ಬೇಕು ಮೇಡಂ. ಇಲ್ಲಾ, ಬೇಸತ್ತು ತಾವೇ ಬಿದ್ರೋ."

* * *

"ಬೇಸತ್ತಾ? ಬದುಕ್ತೀನಿ ಅಂತ ಕುಣೀತಿದ್ರು," ಎಂದರು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರು. "ಹೋದ ವರ್ಷ ಲಿವರಿನ ಗಡ್ಡೆ ತೆಗೆದ್ವಿ. ಆಮೇಲೆ ಬಲ ಶ್ವಾಸಕೋಶದಲ್ಲಿ ಎರಡು ಗಂಟು ಕಾಣಿಸ್ತು. ಹರಡಿದ ಮೇಲೆ ಎಲ್ಲರಿಗೂ ಆಪರೇಷನ್ ಮಾಡೋಕಾಗಲ್ಲ. ಇವರ ಲಿವರ್ ಚೊಕ್ಕವಾಗಿತ್ತು, ಬೇರೆಲ್ಲೂ ರೋಗ ಇರಲಿಲ್ಲ. ಧೈರ್ಯ ಮಾಡಿ ಎದೆ ತೆರೆದು ಎರಡನ್ನೂ ತೆಗೆದ್ವಿ. ಮೂರು ವಾರ ಆಯ್ತಷ್ಟೇ."

"ಎಲ್ಲಿ ಕೊಯ್ದ್ರಿ?"

ಅವರು ತಮ್ಮ ಬಲ ಕಂಕುಳ ಕೆಳಗಿಂದ ಬೆನ್ನಿನವರೆಗೆ ಬೆರಳೆಳೆದರು. ಇನ್‌ಸ್ಪೆಕ್ಟರ್ ತನ್ನ ಬಲಗೈಯನ್ನು ಮೇಲೆತ್ತಿ ನೋಡಿಕೊಂಡಳು.

ಹೊರಗೆ ಕೂತಿದ್ದ ಯಜಮಾನನ ಮಗಳನ್ನು ಕೇಳಿದಳು. "ಅಪ್ಪ ಬಲಗೈ ಮೇಲೆ ಎತ್ತುತ್ತಿದ್ರಾ?"

"ಎಲ್ಲಿಂದ ಎತ್ತಾರು? ತಲೆ ಬಾಚೋಕೂ ನಾನೇ ಬೇಕಿತ್ತು. ಆಪರೇಷನ್ ಆದಮೇಲೆ ಬಲಗೈ ಭುಜದಿಂದ ಮೇಲೆ ಏಳ್ತಾನೇ ಇರಲಿಲ್ಲ."

* * *

"ಏಳದ ಕೈಯನ್ನ ಎತ್ತಿಸ್ಬಿಟ್ಟೆಯಲ್ಲಯ್ಯಾ," ಇನ್‌ಸ್ಪೆಕ್ಟರ್ ಪಾಲುದಾರನ ಎದುರು ನಿಂತಳು. "ಊರಲ್ಲಿದ್ದಿದ್ರೆ ನಿನಗೂ ಗೊತ್ತಿರ್ತಿತ್ತು. ಸ್ಟೂಲು ಉರುಳಿಸಿ, ಪೆಟ್ಟಿಗೆ ಒಡೆದು, ಹೆಣದ ಕೈಗೆ ಹಿಡಿ ತುರುಕಿದ್ದು ನೀನೇ."

ಬಾಗಿಲ ಬಳಿ ಮಗಳು ಬಂದು ನಿಂತದ್ದು ಅವನಿಗೆ ಕಾಣಲಿಲ್ಲ.

"ಶ್ವಾಸಕೋಶಕ್ಕೆ ಹರಡ್ತು ಅಂದಾಗಲೇ ಅವನ ಕಥೆ ಮುಗೀತು ಅಂದ್ಕೊಂಡೆ. ಅವನು ಕಂಡುಹಿಡಿದಿದ್ದ ಹೊಸ ಬಗೆಯ ಕಣ್ಣನ್ನ ನಂದೇ ಅಂತ ಊರೂರಲ್ಲಿ ತೋರಿಸಿ ಹೊಗಳಿಸ್ಕೊಂಡೆ. ವಾಪಸ್ ಬಂದು ನೋಡಿದ್ರೆ ಇಲ್ಲೇ ಕೂತಿದ್ದಾನೆ! ಅಂಗಿ ಸರಿಸಿ ಹೊಲಿಗೆ ತೋರಿಸಿ, 'ಬದುಕ್ಬಿಟ್ಟೆ ಕಣೋ' ಅಂತ ನಕ್ಕ. ಸತ್ತವನೇ ಎದ್ದು ಬಂದು ನಕ್ಕ ಹಾಗಾಯ್ತು. ತಳ್ಳಿಬಿಟ್ಟೆ."

"ದಿನಾ ನಿಮ್ಮ ದಾರಿ ಕಾಯ್ತಿದ್ರು, ಮಾಮ," ಎಂದಳು ಮಗಳು. "'ಸಿಹಿಸುದ್ದಿ ನಾನೇ ಹೇಳ್ಬೇಕು, ನೀನು ಬಾಯಿ ಬಿಡ್ಬೇಡ' ಅಂದಿದ್ರು."