ಕತ್ತರಿಕೇತನ ಗೋಡೆ

ಒಂದು ಕಾಲ, ಒಂದು ರಾಜ್ಯ. ಹೆಸರು ಕಂಚಿವಾಳ. ಅಲ್ಲಿ ರಾಜನೂ ಇದ್ದ. ಈ ಕತೆಯಲ್ಲಿ ಅವನಿಗೆ ಕೆಲಸವಿಲ್ಲ.

ರಾಜ್ಯದ ಗಡಿಯಲ್ಲಿ ಕತ್ತರಿಕೇತನೆಂಬ ಮಾಂತ್ರಿಕನಿದ್ದ. ಚೆಂದದ ಮನುಷ್ಯರನ್ನು ಕಂಡರೆ ಕತ್ತರಿ ತೆಗೆಯುತ್ತಿದ್ದ. ಅಂಚು ಹಿಡಿದು ಸುತ್ತ ಕತ್ತರಿಸಿದರೆ ಮನುಷ್ಯ ಕಾಗದದಂತೆ ಕೈಗೆ ಬರುತ್ತಿದ್ದ. ಒಯ್ದು ತನ್ನ ಅರಮನೆಯ ಗೋಡೆಗೆ ಅಂಟಿಸುತ್ತಿದ್ದ. ಅಂಟು ಒಣಗಲು ತಿಂಗಳುಗಳು ಬೇಕು; ಪೂರ್ತಿ ಒಣಗಿತೋ, ಮನುಷ್ಯನೂ ಗೋಡೆಯೇ.

ಒಂದು ಸಂಜೆ ಅವನು ಕೆಂಚವ್ವನನ್ನು ಕತ್ತರಿಸಿದ. ಅವಳು ಬಾಗಿಲಲ್ಲಿ ನಿಂತು ತಲೆ ಬಾಚುತ್ತಿದ್ದಳು. ತಂಗಿ ದೇಮಿ ತಿರುಗಿ ನೋಡಿದರೆ ಅಕ್ಕನ ಆಕಾರದ ಬಿಳಿ ಜಾಗ ಮಾತ್ರ ಉಳಿದಿತ್ತು. ದೇಮಿಗೆ ಲೋಕದಲ್ಲಿ ಇದ್ದವಳು ಅವಳೊಬ್ಬಳೇ.

ದೇಮಿ ಅಂಟಜ್ಜಿಯ ಗುಡಿಸಲಿಗೆ ಓಡಿದಳು. ಚೂರುಗಳನ್ನು ಸೇರಿಸಿ ಚಿತ್ರ ಮಾಡುವ ಮುದುಕಿ ಅವಳು.

"ಅಳೋಕೆ ಬಂದೆಯೋ, ಕಲಿಯೋಕೆ ಬಂದೆಯೋ?"

"ಅಕ್ಕನ್ನ ಬಿಡಿಸೋಕೆ."

"ಹಾಗಾದ್ರೆ ಕೂತ್ಕೋ."

ಅಜ್ಜಿಯ ಬಳಿ ಮಾಯಾಗನ್ನಡಿಯಿತ್ತು. ಅದರೊಳಗಿನ ಚಿತ್ರವನ್ನು ಬೆರಳಿನಿಂದಲೇ ಕತ್ತರಿಸಬಹುದು, ಹಿಗ್ಗಿಸಬಹುದು, ಒಬ್ಬರ ತಲೆಯನ್ನು ಇನ್ನೊಬ್ಬರ ಹೆಗಲಿಗೆ ಇಡಬಹುದು. ತಪ್ಪಿದರೆ ಎರಡು ಸಲ ತಟ್ಟಿದರಾಯಿತು, ತಪ್ಪು ಮಾಯ. ದೇಮಿ ರಾಜನ ಮೈಗೆ ಕೋಣದ ತಲೆ ಇಟ್ಟಳು.

"ಹೋಲಿಕೆ ಇದೆ," ಎಂದಳು ಅಜ್ಜಿ. "ಬೆಳಕು ನೋಡು. ತಲೆಗೆ ಎಡದಿಂದ, ಮೈಗೆ ಬಲದಿಂದ. ನಿಮ್ಮೂರಲ್ಲಿ ಎರಡು ಸೂರ್ಯರಾ?"

ಕೈ ಪಳಗಿದ ಮೇಲೆ ಅಜ್ಜಿ ಕನ್ನಡಿಗೆ ಬಟ್ಟೆ ಮುಚ್ಚಿದಳು. ಕಾಗದ ಕೊಟ್ಟಳು, ಹುಣಸೆಬೀಜದ ಅಂಟು ಕೊಟ್ಟಳು. ಕತ್ತರಿ ಕೊಡಲಿಲ್ಲ.

"ಕತ್ತರಿಸಿದ್ದು ಗೆರೆ ಬಿಡುತ್ತೆ. ಹರಿದದ್ದಕ್ಕೆ ನಾರಿರುತ್ತೆ. ನಾರು ನಾರನ್ನ ಹಿಡ್ಕೊಳ್ಳುತ್ತೆ."

ದೇಮಿ ಕಲಿತಳು. ತಪ್ಪಿದಾಗಲೆಲ್ಲ ಬೆರಳು ತಾನಾಗಿ ಕಾಗದವನ್ನು ತಟ್ಟುತ್ತಿತ್ತು. ಕಾಗದ ಸುಮ್ಮನಿರುತ್ತಿತ್ತು.

ಗೋಡೆಯ ಅಂಟು ಒಣಗುವ ಮೊದಲು ಅವಳು ಅಜ್ಜಿಯ ಅಂಟು ಹಿಡಿದು ಮಾಂತ್ರಿಕನ ಅರಮನೆ ಸೇರಿದಳು.

"ಬಾ ಮಗಳೇ," ಎಂದ ಕತ್ತರಿಕೇತ. "ಮೂರು ಕೆಲಸ. ಮುಗಿಸಿದರೆ ಅಕ್ಕ ನಿನ್ನವಳು. ಇಲ್ಲವಾದರೆ ಅವಳ ಪಕ್ಕ ಜಾಗ ಖಾಲಿ ಇದೆ. ಮೊದಲು, ಅಕ್ಕ ಯಾರು ಹೇಳು."

ಗೋಡೆಯ ತುಂಬ ಜನ. ಎಲ್ಲರಿಗೂ ಕೆಂಚವ್ವನದೇ ಮುಖ. ಪೈಲ್ವಾನನಿಗೂ ಅದೇ ಮುಖ, ಬಾಣಂತಿಗೂ ಅದೇ.

ದೇಮಿ ಮುಖ ನೋಡುವುದು ಬಿಟ್ಟು ಬೆಳಕು ನೋಡಿದಳು. ಎಲ್ಲ ಮುಖಗಳಿಗೂ ಸಂಜೆಬಿಸಿಲು ಬಲಗಡೆಯಿಂದ. ಮೈಗಳಿಗೆ ಮಾತ್ರ ಬೇರೆಬೇರೆ ಕಡೆಯಿಂದ. ಒಂದೇ ಒಂದು ಮೈಗೆ ಮುಖದ ಬೆಳಕೇ ಇತ್ತು.

"ಇವಳು."

ಮಾಂತ್ರಿಕನ ಮೀಸೆ ಇಳಿಯಿತು. "ಗೋಡೆಯಿಂದ ಬಿಡಿಸು. ಚೂರೂ ಕಡಿಮೆಯಾಗಬಾರದು."

ದೇಮಿ ಬಾಯಿಂದ ಬಿಸಿಯುಸಿರು ಕೊಟ್ಟು ಅಂಟು ಮೆತ್ತಗೆ ಮಾಡಿದಳು. ಕಾಲು ಬಂತು, ಸೊಂಟ ಬಂತು, ಹೆಗಲು ಬಂತು. ಇನ್ನೇನು ಮುಗಿಯಿತೆಂದು ಆತುರಪಟ್ಟಳು. ಕಿವಿ ಹರಿಯಿತು.

ಅವಳ ಬೆರಳು ಎರಡು ಸಲ ತಟ್ಟಿತು. ಏನೂ ಆಗಲಿಲ್ಲ.

ಕತ್ತರಿಕೇತ ಹೊಟ್ಟೆ ಹಿಡಿದು ನಕ್ಕ. "ತಟ್ಟು, ತಟ್ಟು! ತಬಲಾ ತರಿಸಲಾ?"

ದೇಮಿ ಅಳಲಿಲ್ಲ. ಗೋಡೆಯಲ್ಲೇ ಉಳಿದ ಕಿವಿಗೆ ತಾಳ್ಮೆಯಿಂದ ಉಸಿರು ಕೊಟ್ಟಳು. ಅದೂ ಬಿಟ್ಟಿತು. ಹರಿದ ಅಂಚಿಗೆ ಹರಿದ ಅಂಚು ಕೂಡಿಸಿ ಅಂಟಿಸಿದಳು. ನಾರು ನಾರನ್ನು ಹಿಡಿಯಿತು.

"ಈಗ ಅವಳನ್ನು ನೆಲದ ಮೇಲೆ ನಿಲ್ಲಿಸು," ಎಂದ ಮಾಂತ್ರಿಕ.

ಅದೇ ಕಷ್ಟವಾಯಿತು. ನಿಲ್ಲಿಸಿದರೆ ಅಕ್ಕ ತೇಲುತ್ತಾಳೆ. ಕಾಲು ನೆಲಕ್ಕೆ ತಾಗದು. ದೇಮಿ ಬಹಳ ಹೊತ್ತು ನೋಡಿದಳು. ಅಕ್ಕನಿಗೆ ನೆರಳಿಲ್ಲ. ಕತ್ತರಿಸುವವನು ಮೈ ತಂದಿದ್ದ, ನೆರಳು ತಂದಿರಲಿಲ್ಲ.

ಅವಳು ಬಗ್ಗಿ ತನ್ನ ನೆರಳಿನ ಒಂದು ಮೂಲೆ ಹರಿದಳು. ನೋವಾಯಿತು. ಬೆಳಕು ಅಕ್ಕನ ಬಲಕ್ಕಿತ್ತು. ನೆರಳನ್ನು ಎಡಕ್ಕೆ ಚಾಚಿ ಪಾದಕ್ಕೂ ನೆಲಕ್ಕೂ ಸೇರಿಸಿ ಅಂಟಿಸಿದಳು.

ಕೆಂಚವ್ವ ಉಸಿರು ಬಿಟ್ಟಳು.

"ಕಿವಿ ಉರೀತಿದೆ ಕಣೇ. ಏನು ಮಾಡಿದೆ?"

"ಹರಿದೆ. ಆಮೇಲೆ ಅಂಟಿಸಿದೆ."

"ಎರಡೂ ನೀನೇನಾ?"

"ನಾನೇ."

ಮಾಂತ್ರಿಕ ಮಾತು ತಪ್ಪಿದ. ಕತ್ತರಿ ಹಿಡಿದು ಕೆಂಚವ್ವನ ಮೇಲೆ ಬಿದ್ದ. ಕತ್ತರಿ ತಲೆಯಿಂದ ಹೆಗಲಿಗೆ, ಹೆಗಲಿಂದ ಕಾಲಿಗೆ ಇಳಿಯಿತು. ಅಲ್ಲಿ ಅಂಚು ಸಿಗಲಿಲ್ಲ. ಹರಿದು ಅಂಟಿಸಿದ ನೆರಳಿನ ನಾರು ಹಿಡಿದು ಪಾದ ನೆರಳಲ್ಲಿ ಬೆರೆತಿತ್ತು, ನೆರಳು ನೆಲದಲ್ಲಿ. ಶುರುಮಾಡಿದ ಕತ್ತರಿ ನಿಲ್ಲುವಂತಿಲ್ಲ. ಅಂಚು ಹುಡುಕುತ್ತ ನೆಲದ ಮೇಲೆ ಓಡಿತು. ಮಾಂತ್ರಿಕನ ಕಾಲು ಸಿಕ್ಕಿತು. ಅವನ ಸುತ್ತಲೇ ಒಂದು ಸುತ್ತು ಹಾಕಿತು.

ಅವನು ಕಾಗದವಾಗಿ ಮಡಚಿಕೊಂಡು ಬಿದ್ದ. ಗಾಳಿ ಕಿಟಕಿಯಿಂದ ಹೊರಗೆ ಒಯ್ದಿತು.

ಅವನು ಹೋದ ಮೇಲೆ ಒಣಗಿದ ಅಂಟೂ ಸಡಿಲಿತು. ಅವರವರ ಮುಖ ಅವರವರಿಗೆ ಮರಳಿತು. ಕೆಂಚವ್ವ ತನ್ನ ನೆರಳಿನ ಚೂರು ಹರಿದು ಪೈಲ್ವಾನನಿಗೆ ಕೊಟ್ಟಳು, ಅವನು ಬಾಣಂತಿಗೆ, ಅವಳು ಮುಂದಿನವರಿಗೆ. ಹಾಗೆ ಎಲ್ಲರೂ ನೆಲಕ್ಕಿಳಿದರು.

ಬಹಳ ಜನರ ಊರು ಅವರನ್ನು ಮರೆತಿತ್ತು. ಹಾಗಾಗಿ ಅಲ್ಲೇ ಒಂದು ಊರು ಕಟ್ಟಿದರು. ಅಕ್ಕತಂಗಿಯರೂ ಉಳಿದರು. ಮಾಂತ್ರಿಕ ಒಬ್ಬನನ್ನು ಬೆಳಗಿನಲ್ಲಿ ಕತ್ತರಿಸಿದ್ದ, ಒಬ್ಬಳನ್ನು ಸಂಜೆಯಲ್ಲಿ. ಅವರವರ ಬೆಳಕು ಅವರವರ ಮೈಮೇಲೆ ಉಳಿದಿತ್ತು. ಅದಕ್ಕೇ ಅಲ್ಲಿ ಒಬ್ಬೊಬ್ಬರ ನೆರಳು ಒಂದೊಂದು ದಿಕ್ಕಿಗೆ. ಯಾರೂ ಅದನ್ನು ತಿದ್ದಲು ಹೋಗಲಿಲ್ಲ. ಎಲ್ಲರೂ ಸುಖವಾಗಿ ಬಾಳಿದರು. ಉರಿಬಿಸಿಲಲ್ಲಿ ಆ ಊರಿಗೆ ಹೋದವರು ಯಾವ ಮಗ್ಗುಲಿಗೆ ಕೂತರೂ ಯಾರದಾದರೂ ನೆರಳು ಸಿಗುತ್ತದೆ.