ಶುಕ್ರವಾರ ಕಳೆಯಲಿ ಅಂದವಳು

ಹಳೇ ಸೀರೆಯ ಮೆತ್ತನೆ ತುಂಡುಗಳನ್ನು ಮಡಿಲಲ್ಲಿ ಹಾಕಿಕೊಂಡು ಸಂಯುಕ್ತಾ ಒಂದೊಂದಾಗಿ ಮಡಚುತ್ತಿದ್ದಳು. ಬಟ್ಟೆ ಇಲ್ಲಿತ್ತು, ಸುತ್ತಿಸಿಕೊಳ್ಳಬೇಕಾದ ಕೂಸು ಗೋಡೆಯಾಚೆ, ಹಸುಗೂಸುಗಳ ಐಸಿಯುನಲ್ಲಿತ್ತು. ದಿನ ಮೀರಿ, ಹೊಟ್ಟೆಯೊಳಗೇ ಕಕ್ಕ ಮಾಡಿ, ಅದನ್ನೇ ಉಸಿರಿಗೆ ಎಳೆದುಕೊಂಡ ಕೂಸು.

ಗಂಡ ಮನೋಹರ್ ಬಾಗಿಲಿಗೊರಗಿ ಅವಳನ್ನೇ ನೋಡಿ ನಕ್ಕ. ನಿದ್ದೆಗೆಟ್ಟ ಮುಖದಲ್ಲೂ ಆ ನಗು ಅವಳ ಕೆನ್ನೆ ಬಿಸಿ ಮಾಡಿತು.

"ನಿನ್ನ ಮಗನ ಮೂಗಿಗೆ ಸಣ್ಣ ಪೈಪು, ಅದರ ತುದಿ ನೀರಿನ ಬಾಟಲಲ್ಲಿ. ಬುಳುಬುಳು ಅಂತಿರುತ್ತೆ, ಥೇಟ್ ನಿಮ್ಮಮ್ಮನ ಸಾರು."

"ಉಸಿರಾಡ್ತಿದಾನಾ?"

"ಉಸಿರು ಅವನೇ ಎಳ್ಕೋಬೇಕಂತೆ. ಶ್ವಾಸಕೋಶ ಮುಚ್ಚಿಕೊಳ್ಳದ ಹಾಗೆ ಆ ಪೈಪಿನ ಗಾಳಿ ಹಿಡ್ಕೊಂಡಿರುತ್ತೆ, ಅಷ್ಟೇ. ನಿನ್ನೆಗಿಂತ ವಾಸಿ ಅಂದ್ರು." ಅವಳ ಪಕ್ಕ ಕೂತ. "ತಪ್ಪು ನಂದೇ ಕಣೆ. ಶುಕ್ರವಾರವೇ ಅಬ್ಬಿಗೆರೆಗೆ, ನಿಮ್ಮಮ್ಮನ ಮನೆಗೆ ಬಂದು ಆಸ್ಪತ್ರೆಗೆ ಕರ್ಕೊಂಡ್ ಬರ್ಬೇಕಿತ್ತು."

ಅವಳ ಕೈ ನಿಂತಿತು.

"ನೀವು ಬರ್ತೀನಿ ಅಂದ್ರಿ. ಡಾಕ್ಟ್ರು ಶನಿವಾರ ಹೇಳಿದಾರೆ ಅಂತ ನಾನೇ ಸುಳ್ಳು ಹೇಳ್ದೆ. ಅವರು ಹೇಳಿದ್ದು ಶುಕ್ರವಾರವೇ. ಮನೆ ಮಗಳನ್ನ ಶುಕ್ರವಾರ ಕಳಿಸಿದ್ರೆ ಲಕ್ಷ್ಮಿ ಹೋಗ್ತಾಳೆ ಅಂತ ಅಮ್ಮ ಅತ್ತಳು. ಒಂದಿನ ತಾನೇ ಅಂದ್ಕೊಂಡೆ. ನಿಮಗೆ ಹೇಳಿದ್ರೆ ಜಗಳ ಆಗ್ತಿತ್ತು."

ಮನೋಹರ್ ಎದ್ದು ಬಾಗಿಲವರೆಗೆ ಹೋದ. ತಿರುಗಲಿಲ್ಲ.

"ಈಗ ಬಾಯ್ತೆಗೆದ್ರೆ ಕೆಟ್ಟ ಮಾತು ಬರುತ್ತೆ. ಸೀಮಂತದ ದಿನ ಒಂದು ಕಾಗದ ಕೇಳಿದ್ದೆನಲ್ಲ, ಅದನ್ನ ಬರೆದು ಕಳಿಸು. ಅವನ ಪಕ್ಕ ಕೂತು ಓದ್ತೀನಿ," ಅಂದು ಐಸಿಯು ಕಡೆ ನಡೆದ.

ತವರಿಗೆ ಕಳಿಸುವಾಗ ಅವಳ ಹಸಿರು ಬಳೆ ತಿರುಗಿಸುತ್ತಾ ಕೇಳಿದ್ದ: ನನ್ನ ನೆನಪಾದಾಗ ಫೋನ್ ಬೇಡ, ಬರಿ. ಅವಳು ನಾಚಿಕೊಂಡು ನಾಳೆ ನಾಳೆ ಅನ್ನುತ್ತಲೇ ಉಳಿದಿದ್ದಳು.

ನರ್ಸ್ ಫಾಯಿಜಾಳ ಹತ್ತಿರ ಹಾಳೆ ಇಸಿದುಕೊಂಡಳು.

'ರೀ, ತವರಲ್ಲಿ ದಿನಾ ಪಕ್ಕದಲ್ಲಿ ಇನ್ನೊಂದು ದಿಂಬಿಟ್ಟು ಮಲಗುತ್ತಿದ್ದೆ. ಅಮ್ಮ ನಕ್ಕಾಳೆಂದು ಬೆಳಿಗ್ಗೆ ಎತ್ತಿಡುತ್ತಿದ್ದೆ. ನಾಚಿಕೆಗೆ ಇದನ್ನು ಮುಚ್ಚಿಟ್ಟೆ, ಅಂಜಿಕೆಗೆ ಶುಕ್ರವಾರದ ಮಾತನ್ನು. ಬೈಯುವುದಿದ್ದರೆ ಬಂದು ಬೈಯಿರಿ. ಬಾರದೆ ಮಾತ್ರ ಇರಬೇಡಿ.'

"ಗೋಡೆ ಆಚೆಗೂ ಕಾಗದನಾ ಅಕ್ಕಾ? ಫೋನ್ ಸತ್ತೋಯ್ತಾ?" ಫಾಯಿಜಾ ರೇಗಿಸಿದಳು.

ಅಷ್ಟರಲ್ಲಿ ಗಂಜಿಯ ಡಬ್ಬಿ ಹಿಡಿದು ಅಮ್ಮ ರಾಮಲಕ್ಷ್ಮಮ್ಮ ಒಳಗೆ ಬಂದರು. "ಏನವ್ವ ಅದು, ಕಾಗದ? ಇವತ್ತು ಮಂಗಳವಾರ. ನಾಳಿಕೆ ಕೊಟ್ರಾಯ್ತು, ಓಗ್ಲಿ ಬಿಡು."

ಸಂಯುಕ್ತಾ ಹಾಳೆಯನ್ನು ಮಡಚಿ ಫಾಯಿಜಾಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮುಚ್ಚಿದಳು.

"ಈಗ್ಲೇ ಹೋಗು," ಅಂದಳು.