ಮುಚ್ಚಲು ಒಪ್ಪದ ಕಿಟಕಿ

ಕಿಟಕಿ ಮುಚ್ಚಿದರೆ ಎಲ್ಲರ ಮನೆಯಲ್ಲೂ ಗಾಳಿ ನಿಲ್ಲುತ್ತದೆ. ನೆವೆನಾ ಕಿಟಕಿ ಮುಚ್ಚಿದರೆ ಸತ್ತ ಗಂಡ ಮಾತಾಡುತ್ತಿದ್ದ.

ನಗಬೇಡಿ, ನಗುವ ಸರದಿ ಇನ್ನೂ ಬಂದಿಲ್ಲ. ರೂಸೆ ಪಟ್ಟಣದಲ್ಲಿ, ಡ್ಯಾನ್ಯೂಬ್ ನದಿಯ ಬಂದರಿನ ಎದುರಿನ ಹಳೆಯ ಕಟ್ಟಡದಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಕಿಟಕಿ ಎಂದರೆ ಗೋಡೆಯದಲ್ಲ, ಕಂಪ್ಯೂಟರ್ ಪರದೆಯದು. ಅಷ್ಟೇ ವ್ಯತ್ಯಾಸ.

ಕಲೋಯಾನ್ ಆ ಕಟ್ಟಡದ ಪುಟ್ಟ ಸಾಫ್ಟ್‌ವೇರ್ ಕಂಪನಿಗೆ ಸೇರಿದ ದಿನ ಹೊರಗೆ ಹಿಮ ಬೀಳುತ್ತಿತ್ತು. ಕೂರಲು ಜಾಗ ಕಾಣದೆ ಮೂಲೆಯ ಖಾಲಿ ಮೇಜಿನ ಮುಂದೆ ಕುಳಿತ. ಪರದೆಯ ಮೇಲೆ ನದಿಯ ನೀರಿನ ಮಟ್ಟ ತೋರಿಸುವ ಫಲಕವೊಂದು ತೆರೆದೇ ಇತ್ತು. ಯಾರೋ ಮರೆತಿರಬೇಕು ಎಂದುಕೊಂಡು ಅದನ್ನು ಮುಚ್ಚಲು ಮೌಸನ್ನು ಮೇಲಿನ ಮೂಲೆಗೆ ಒಯ್ದ...

ಹಿಂದಿನಿಂದ ತಣ್ಣನೆಯ ಕೈಯೊಂದು ಅವನ ಮಣಿಕಟ್ಟನ್ನು ಗಬಕ್ಕನೆ ಹಿಡಿಯಿತು.

"ಮುಚ್ಚಬೇಡಿ."

ತಿರುಗಿ ನೋಡಿದ. ಕಪ್ಪು ಸ್ವೆಟರ್, ಕೂದಲಲ್ಲಿ ಕರಗುತ್ತಿದ್ದ ಹಿಮ, ಬಹಳ ದಿನದಿಂದ ಸರಿಯಾಗಿ ನಿದ್ದೆ ಕಾಣದ ಕಣ್ಣು. ಎಲ್ಲದಕ್ಕೂ ಒಂದು ತಮಾಷೆ ಜೇಬಿನಲ್ಲಿಟ್ಟುಕೊಂಡು ತಿರುಗುವ ಕಲೋಯಾನ್‌ಗೆ ಒಂದು ಕ್ಷಣ ಜೇಬೇ ಸಿಗಲಿಲ್ಲ!

"ಸರಿ, ಮುಚ್ಚಲ್ಲ. ಆದ್ರೆ ಕೈ ವಾಪಸ್ ಕೊಡಿ, ಟೈಪ್ ಮಾಡೋಕೆ ಬೇಕಾಗುತ್ತೆ."

ನೆವೆನಾ ಕೈ ಬಿಟ್ಟಳು. ನಗಲಿಲ್ಲ.

ಅವಳು ಹಿಡಿದದ್ದು ಮಣಿಕಟ್ಟನ್ನು. ಸಿಕ್ಕಿಬಿದ್ದದ್ದು ಇಡೀ ಕಲೋಯಾನ್.

ವಿಷಯ ಏನೆಂದು ಅವನಿಗೆ ತಿಳಿದದ್ದು ಮಧ್ಯಾಹ್ನ, ಕಂಪನಿಯ ಒಡತಿ ಸ್ತಾಂಕಾಳಿಂದ. ಎಲ್ಲರೂ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಕಚೇರಿಯ ಬಾಗಿಲಿಗೆ ಅಂಟಿಸಿದ್ದ ಮರಣದ ಚೀಟಿಯನ್ನು ಅತ್ತೆ ಕಣ್ಣಲ್ಲೇ ತೋರಿಸಿದಳು. ಊರಿನ ಎಷ್ಟೋ ಬಾಗಿಲುಗಳ ಮೇಲೆ ಅಂಥವು ಇರುತ್ತವೆ. ಇದರಲ್ಲಿ ಬಿಸಿಲಿಗೆ ಮಾಸಿದ ಒಂದು ನಗುಮುಖ, ಕೆಳಗೆ ಮಿಲೆನ್ ಎಂಬ ಹೆಸರು.

ಮಿಲೆನ್, ನೆವೆನಾ ಗಂಡ ಹೆಂಡತಿ, ಇಬ್ಬರೂ ಇಲ್ಲೇ ಪ್ರೋಗ್ರಾಂ ಬರೆಯುತ್ತಿದ್ದವರು. ನದಿಯ ಫಲಕ ಮಿಲೆನ್ ಕೈಯದು. ಕಳೆದ ಮಾರ್ಚ್‌ನ ಒಂದು ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ನಲವತ್ತನೆಯ ದಿನದ ಪೂಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ನೆವೆನಾ ಸಂಜೆ ಆ ಫಲಕವನ್ನು ಮುಚ್ಚಲು ಹೋದಳು. ಆಗ ಬೂದು ಬಣ್ಣದ ಪುಟ್ಟ ಕಿಟಕಿಯೊಂದು ತೆರೆದುಕೊಂಡಿತು.

"ಹೊರಟ್ಯಾ? ಹೋಗಬೇಡ. ನಾನಿನ್ನೂ ಇಲ್ಲೇ ಇದ್ದೀನಿ..."

ಫಲಕ ಮುಚ್ಚಲೇ ಇಲ್ಲ. ಎಷ್ಟು ಸಲ ಒತ್ತಿದರೂ ಅದೇ ಮಾತು. ಅದೂ ಅವಳ ಮೇಜಿನಲ್ಲಿ ಮಾತ್ರ, ಅವಳ ಹೆಸರಿನಲ್ಲಿ ಮಾತ್ರ!

ಅದರ ಗುಟ್ಟು ನೆವೆನಾಗೆ ಗೊತ್ತಿಲ್ಲದ್ದೇನಲ್ಲ. ಪರದೆಯ ಕಿಟಕಿ ತಾನಾಗಿ ಏನೂ ಮಾಡುವುದಿಲ್ಲ. ಸುಮ್ಮನೆ ಕಾಯುತ್ತದೆ. ಯಾರಾದರೂ ಒತ್ತಿದರೆ, ಎಳೆದರೆ, ಮುಚ್ಚಿದರೆ ಯಾವ ಕೆಲಸವನ್ನು ಎಬ್ಬಿಸಬೇಕೆಂದು ಬರೆದವನು ಮೊದಲೇ ಅದರ ಕಿವಿಯಲ್ಲಿ ಹೇಳಿಟ್ಟಿರುತ್ತಾನೆ. 'ಇಂಥದ್ದಾದಾಗ ಇದನ್ನು ಕರೆ' ಎಂದು. ಕಸುಬಿನವರು ಅದಕ್ಕೆ ಕಾಲ್‌ಬ್ಯಾಕ್ ಎನ್ನುತ್ತಾರೆ. ಹೇಳಿದವನು ಮಣ್ಣಿಗೆ ಹೋದರೂ ಕಿಟಕಿ ಮರೆಯುವುದಿಲ್ಲ. ಕರೆಯುತ್ತಲೇ ಇರುತ್ತದೆ...

ಸಾಯುವ ವಾರದಲ್ಲಿ ಮಿಲೆನ್ ಏನನ್ನೋ ಬರೆದಿಟ್ಟಿದ್ದ. ಆ ಕಡತವನ್ನು ತೆರೆದರೆ ಎಲ್ಲ ತಿಳಿಯುತ್ತಿತ್ತು. ಅವಳು ತೆರೆಯಲಿಲ್ಲ.

'ತೆರೆದರೆ ಅದು ಬರೀ ಸಾಲುಗಳಾಗಿಬಿಡುತ್ತೆ. ಈಗ ಅವನ ದನಿಯಾಗಿದೆ...'

ದಿನಾ ಸಂಜೆ ಒಮ್ಮೆ ಮುಚ್ಚಲು ಹೋಗಿ, ಆ ಮಾತು ಓದಿ, ಯಂತ್ರವನ್ನು ಆರಿಸದೆ ಮನೆಗೆ ಹೋಗುತ್ತಿದ್ದಳು. ಅವಳು ಎದ್ದ ಮೇಲೆ ಆ ಮೂಲೆಯಲ್ಲಿ ಯಾರೂ ಕೂರುತ್ತಿರಲಿಲ್ಲ. ಕಸ ಗುಡಿಸುವವಳು ಪರದೆಗೆ ಬೆನ್ನು ಹಾಕಿ, ಎದೆಗೆ ಶಿಲುಬೆ ಮಾಡಿಕೊಂಡೇ ಗುಡಿಸುತ್ತಿದ್ದಳಂತೆ.

ತೊಡಕು ಬಂದದ್ದು ಬಂದರಿನಿಂದ. ಆ ಫಲಕವನ್ನು ಬಳಸುತ್ತಿದ್ದ ಬಂದರಿನವರಿಗೆ ಹೊಳೆಯ ಪ್ರವಾಹದ ಕಾಲಕ್ಕೆ ಮುಂಚೆ ಹೊಸ ಯಂತ್ರಗಳು ಬರಲಿದ್ದವು. ಹಳೆಯ ಫಲಕ ಅವುಗಳಲ್ಲಿ ಓಡದು. ಕಿಟಕಿ, ಗುಂಡಿ, ಕರೆ, ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಕಲೋಯಾನ್‌ನನ್ನು ಕರೆಸಿದ್ದೇ ಅದಕ್ಕೆ. ನೆವೆನಾಳದು ಒಂದೇ ಷರತ್ತು: ಆ ಕಡತವನ್ನು ಯಾರೂ ಮುಟ್ಟಬಾರದು, ಮುಟ್ಟಿದ ದಿನ ತಾನು ಇಲ್ಲಿರುವುದಿಲ್ಲ. ಮುಟ್ಟದೆ ಫಲಕ ಪೂರ್ತಿಯಾಗದು ಎಂದು ಅತ್ತೆಗೆ ಗೊತ್ತಿತ್ತು. ಉಳಿದದ್ದನ್ನು ಮೊದಲು ಮುಗಿಸಿ, ಆಮೇಲೆ ನೋಡೋಣ ಎಂದಳು.

ಚಳಿಗಾಲವಿಡೀ ಇಬ್ಬರೂ ಅಕ್ಕಪಕ್ಕ ಕುಳಿತರು.

ಕಲೋಯಾನ್‌ನ ಗಂಟಲಲ್ಲಿ ಇಡೀ ರೂಸೆ ಇತ್ತು, ಯಾರ ದನಿ ಬೇಕಾದರೂ ಮಾಡುತ್ತಿದ್ದ. ನೆಗಡಿಯಾದ ದೋಣಿ ಕಪ್ತಾನ, ಸಕ್ಕರೆ ಕಾಯಿಲೆಯವಳು ಕದ್ದು ಗರಿಗರಿ ಸಿಹಿ ಬಾನಿತ್ಸಾ ತಿನ್ನುವ ಸದ್ದು, ಫೋನಿನಲ್ಲಿ ಗಿರಾಕಿಗೆ ಸಿಹಿಯಾಗಿ, ಕೆಳಗಿಟ್ಟ ಮೇಲೆ ಖಾರವಾಗಿ ಮಾತಾಡುವ ಅತ್ತೆ. ಒಂದು ದಿನ ಅತ್ತೆಯ ದನಿ ಮಾಡುವಾಗ ಅವಳು ಹಿಂದೆಯೇ ನಿಂತಿದ್ದದ್ದು ಅವನಿಗೆ ಕಾಣಲಿಲ್ಲ. ನೆವೆನಾಳ ತುಟಿಯ ತುದಿ ಅಂದು ಮೊದಲ ಸಲ ಅಲುಗಿತು. ಅತ್ತೆಯ ಬೈಗುಳವನ್ನು ಅವನು ಬಹುಮಾನದಂತೆ ತೆಗೆದುಕೊಂಡ.

ಆ ಊರಲ್ಲಿ ಮಾರ್ಚ್ ಒಂದರಂದು ವಸಂತದ ಶುಭಕ್ಕೆಂದು ಎಲ್ಲರೂ ಎಲ್ಲರಿಗೂ ಕೆಂಪು ಬಿಳಿ ನೂಲು ಕಟ್ಟುತ್ತಾರೆ. ಅವನೂ ಅವಳ ಕೈಗೆ ಒಂದು ಕಟ್ಟಿದ. ಗಂಟು ಹಾಕಿದ ಮೇಲೂ ಅವನ ಬೆರಳು ಅಲ್ಲೇ ಉಳಿಯಿತು... ಅವಳು ಕೈ ಎಳೆದುಕೊಳ್ಳಲಿಲ್ಲ.

ಆ ಸಂಜೆ ಎಂದಿನಂತೆ ಬೂದು ಕಿಟಕಿ ತೆರೆಯಿತು.

"ಹೊರಟ್ಯಾ? ಹೋಗಬೇಡ. ನಾನಿನ್ನೂ ಇಲ್ಲೇ ಇದ್ದೀನಿ..."

ನೆವೆನಾ ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟಳು. 'ನೋಡಿದ್ನಾ? ಈ ನೂಲು ಅವನಿಗೆ ಕಾಣ್ತಿದ್ಯಾ?'

ಗಂಟನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಮರುದಿನದಿಂದ ಕಲೋಯಾನ್ ಏನು ಕೇಳಿದರೂ ಹೌದು, ಇಲ್ಲ, ಅಷ್ಟೇ.

ಅವಳ ಬರಿಗೈ ನೋಡಿ ಕಲೋಯಾನ್ ತನ್ನ ಕುರ್ಚಿಯನ್ನು ಒಂದು ಗೇಣು ದೂರ ಸರಿಸಿಕೊಂಡ. ಆದರೆ ಬಂದರಿನವರು ಅವಸರ ಮಾಡಿ, ಇನ್ನು ತಡೆಯಲಾಗದು ಎಂದು ಅತ್ತೆ ಕೈ ಚೆಲ್ಲಿದ ದಿನ, ಅವನು ಆ ಕಡತವನ್ನು ತೆರೆದ.

ದೆವ್ವ ಇರಲಿಲ್ಲ. ತಪ್ಪಿತ್ತು.

ಒಂದೇ ಗುಂಡಿಗೆ ಹಲವು ಕರೆಗಳು ಸಾಲಾಗಿ ನಿಂತಿರಬಹುದು. ಮೊದಲನೆಯದು ತನ್ನ ಕೆಲಸ ಮುಗಿಸಿ ಉತ್ತರ ಕೊಡಬೇಕು. ಸತ್ಯ ಎಂದರೆ, 'ನಾನು ನೋಡಿಕೊಂಡೆ, ಹಿಂದಿನವರನ್ನು ಕರೆಯಬೇಡ.' ಸುಳ್ಳು ಎಂದರೆ, 'ಮುಂದಕ್ಕೆ ಬಿಡು.' ಮಿಲೆನ್ ಅವಸರದಲ್ಲಿ ಸುಳ್ಳು ಬರೆಯಬೇಕಾದ ಕಡೆ ಸತ್ಯ ಬರೆದಿದ್ದ. ಈ ಕಸುಬಿನಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ಅದಕ್ಕೇ ಫಲಕ ಮುಚ್ಚುತ್ತಿರಲಿಲ್ಲ. ಮತ್ತು ಅದರ ಹಿಂದೆ ಇನ್ನೊಂದು ಕರೆ, ತನ್ನ ಸರದಿಗಾಗಿ ವರ್ಷವಿಡೀ ಕಾದು ನಿಂತಿತ್ತು!

ಅದನ್ನು ಓದಿದ ಕಲೋಯಾನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಆಮೇಲೆ ನೆವೆನಾ ಊಟಕ್ಕೆ ಹೋದ ಹೊತ್ತು ನೋಡಿ, ಅವಳ ಮೇಜಿನಲ್ಲಿ ಕುಳಿತು ಆ ಒಂದು ಪದವನ್ನು ತಿದ್ದಿದ.

ಏಳುವುದರೊಳಗೆ ಅವಳು ಬಾಗಿಲಲ್ಲಿ ನಿಂತಿದ್ದಳು. ಪರದೆಯಲ್ಲಿ ಮಿಲೆನ್‌ನ ಕಡತ. ಕೀಲಿಮಣೆಯ ಮೇಲೆ ಕಲೋಯಾನ್‌ನ ಕೈ.

ಅವಳ ದನಿ ಏರಲಿಲ್ಲ. ಅದೇ ಹೆಚ್ಚು ಹೆದರಿಸುವಂತಿತ್ತು.

"ಊರಲ್ಲಿರೋರ ದನಿ ಎಲ್ಲ ಕದ್ದಾಯ್ತು. ಈಗ ಅವನದೂ ಬೇಕಿತ್ತಾ ನಿನಗೆ? ಏನು ಬರೆದೆ? ನೆವೆನಾ, ಇವನನ್ನ ಮದ್ವೆಯಾಗು ಅಂತಲಾ?"

"ನಾನು ಏನೂ ಬರೀಲಿಲ್ಲ. ಅವರದೇ ಒಂದು ಮಾತು ಒಳಗೆ ಸಿಕ್ಕಿಹಾಕಿಕೊಂಡಿತ್ತು, ದಾರಿ ಬಿಟ್ಟೆ." ಅವನು ಕೋಟು ಎತ್ತಿಕೊಂಡ. "ಒಂದ್ಸಲ ಮುಚ್ಚಿ ನೋಡಿ. ಆಮೇಲೆ ಎಷ್ಟು ಬೇಕಾದ್ರೂ ಬೈರಿ, ಕೆಳಗಡೆ ಮೆಟ್ಟಿಲ ಮೇಲೇ ಇರ್ತೀನಿ."

ಅವಳು ಮುಚ್ಚಲಿಲ್ಲ. ಬಹಳ ಹೊತ್ತು ಪರದೆಯ ಮುಂದೆ ಕುಳಿತಳು. ಅತ್ತೆ ಬಂದು ಭುಜ ಮುಟ್ಟಿ ಹೋದಳು. 'ಅವನು ನಿಜವಾಗಿ ಹೋಗಿಬಿಟ್ಟರೆ? ಇವತ್ತು ಆ ಮಾತೂ ಬರದೇ ಹೋದರೆ?' ಆ ಭಯಕ್ಕಿಂತ, ಬೇರೆ ಯಾರೋ ಅವನ ದನಿಯಲ್ಲಿ ಮಾತಾಡಿದರೆ ಎಂಬ ಭಯ ದೊಡ್ಡದಿತ್ತು.

ಕೊನೆಗೆ ಕಣ್ಣು ಮುಚ್ಚಿ ಒತ್ತಿದಳು.

"ಹೊರಟ್ಯಾ? ಹೋಗಬೇಡ. ನಾನಿನ್ನೂ ಇಲ್ಲೇ ಇದ್ದೀನಿ..."

ಅದರ ಕೆಳಗೆ, ಒಂದು ಉಸಿರಿನ ನಂತರ, ಇನ್ನೊಂದು ಕಿಟಕಿ ತೆರೆಯಿತು.

"...ಟಾಯ್ಲೆಟ್ಟಲ್ಲಿ. ಪೇಪರ್ ಮುಗಿದಿದೆ. ಬೇಗ ತಾರೇ ನನ್ನ ಮುಳ್ಳುಹಂದಿ, ಅತ್ತೆಗೆ ಗೊತ್ತಾಗೋದು ಬೇಡ."

ಮುಳ್ಳುಹಂದಿ...

ಆ ಹೆಸರು ಮನೆಯ ಕದ ಹಾಕಿದ ಮೇಲೆ ಮಾತ್ರ ಹುಟ್ಟುತ್ತಿತ್ತು. ಅತ್ತೆಗೂ ಗೊತ್ತಿರಲಿಲ್ಲ. ಕಲೋಯಾನ್ ತಾನಾಗಿ ಊಹಿಸಿ ಬರೆಯಲು ಸಾಧ್ಯವೇ ಇರಲಿಲ್ಲ. ಇದು ಅವನೇ. ಅವಳನ್ನು ಕಾಡಲು ಬಂದವನಲ್ಲ, ಒಂದು ಸಂಜೆ ಅವಳನ್ನು ನಗಿಸಿ ಮನೆಗೆ ಕರೆದೊಯ್ಯಲು ಬಲೆ ಹೆಣೆದಿಟ್ಟವನು!

ನದಿಯ ಫಲಕ ಮೆಲ್ಲಗೆ ಮುಚ್ಚಿಕೊಂಡಿತು.

ಮೆಟ್ಟಿಲ ಮೇಲಿದ್ದ ಕಲೋಯಾನ್‌ಗೆ ಮೊದಲು ಕೇಳಿಸಿದ್ದು ಬಿಕ್ಕಳಿಕೆ. ಅದು ಬೇರೆ ಏನೋ ಆಗುತ್ತಿದೆ ಎಂದು ತಿಳಿಯುವ ಹೊತ್ತಿಗೆ ಅವಳು ಕಂಬಿ ಹಿಡಿದು, ಹೊಟ್ಟೆ ಹಿಡಿದು ಇಳಿದು ಬರುತ್ತಿದ್ದಳು. ಕಣ್ಣು ಸುರಿಯುತ್ತಿತ್ತು.

"ವರ್ಷದಿಂದ... ಪಾಪ, ವರ್ಷದಿಂದ ಅಲ್ಲೇ ಕೂತಿದ್ದಾನೆ ಕಣೋ. ನಾನು ಮೋಂಬತ್ತಿ ಹಚ್ತಾ ಇದ್ದೆ. ಅವನಿಗೆ ಬೇಕಾಗಿದ್ದು ಪೇಪರ್."

ಅಲ್ಲೇ ಅವನ ಪಕ್ಕದ ಮೆಟ್ಟಿಲಲ್ಲಿ ಕುಸಿದು, ನಗುತ್ತಾ ಅತ್ತಳು, ಅಳುತ್ತಾ ನಕ್ಕಳು. ಅವನು ತನ್ನ ಕರವಸ್ತ್ರ ಕೊಟ್ಟ. ಯಾರ ದನಿಯನ್ನೂ ಮಾಡಲಿಲ್ಲ.

ಮಾರ್ಚ್ ಕೊನೆಗೆ ವರ್ಷದ ಪೂಜೆ ಬಂತು. ಸಮಾಧಿಯ ಮೇಲೆ ಅತ್ತೆ ಪದ್ಧತಿಯಂತೆ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಇಟ್ಟು, ಕೆಂಪು ವೈನ್ ಸುರಿದಳು. ಆಗ ನೆವೆನಾ ಚೀಲದಿಂದ ಬಿಳಿಯ ಟಾಯ್ಲೆಟ್ ಪೇಪರಿನ ಸುರುಳಿಯೊಂದನ್ನು ತೆಗೆದು, ಹೂಗಳ ನಡುವೆ ಮರ್ಯಾದೆಯಿಂದ ಇಟ್ಟಳು. ಅತ್ತೆ ಶಿಲುಬೆ ಮಾಡಿಕೊಳ್ಳಲು ಎತ್ತಿದ ಕೈ ಅರ್ಧದಲ್ಲೇ ನಿಂತಿತು.

ಕಲೋಯಾನ್ ಸ್ಮಶಾನದ ಗೇಟಿನ ಬಳಿಯೇ ನಿಂತಿದ್ದ. ಒಳಗೆ ಬರುವ ಹಕ್ಕು ತನಗಿದೆಯೋ ಇಲ್ಲವೋ ಎಂದು ಅವನಿಗೆ ತಿಳಿಯದು. ನೆವೆನಾ ಅವನ ಹತ್ತಿರ ನಡೆದು ಬಂದಳು.

"ಅಲ್ಲೇ ಯಾಕೆ ನಿಂತೆ?"

"ಕರೀದೆ ಬರೋದು ಹೇಗೆ ಅಂತ..."

"ಕರೆಯೋಕೇ ಬಂದಿದ್ದೀನಿ." ಅವಳು ಅವನನ್ನು ಸಮಾಧಿಯ ಬಳಿಗೆ ಕರೆತಂದಳು. "ನೋಡು, ಅವನನ್ನ ಮರೆತು ನಿನ್ನನ್ನ ಪ್ರೀತಿಸೋಕೆ ನನಗೆ ಆಗಲ್ಲ. ಮರೀದೇ ಪ್ರೀತಿಸ್ತೀನಿ. ಅಷ್ಟು ಸಾಕಾ ನಿನಗೆ?"

ಬಹಳ ದಿನದ ಮೇಲೆ ಕಲೋಯಾನ್‌ನ ಸ್ವಂತ ದನಿ ಹೊರಬಂತು.

"ಸಾಕು ನೆವಾ. ಬೇಕಾದ್ರೆ ಮಾತು ಕೊಡ್ತೀನಿ. ಎಂಥ ಹೊತ್ತಲ್ಲಿ ನೀನು ಕೂಗಿದ್ರೂ... ಪೇಪರ್ ತರೋಕೆ ನಾನು ತಡ ಮಾಡಲ್ಲ."

ಅತ್ತೆ ತಡೆಯಲಾರದೆ ಗೋಧಿಯ ತಟ್ಟೆಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಪಕ್ಕದ ಸಮಾಧಿಗೆ ಬಂದಿದ್ದ ಮುದುಕಿಯರು ಯಾಕೆಂದು ತಿಳಿಯದೆಯೇ ನಕ್ಕರು. ಎಲ್ಲರಿಗಿಂತ ಜೋರಾಗಿ, ಕಲೋಯಾನ್‌ನ ತೋಳಿಗೆ ಜೋತುಬಿದ್ದು, ಸಮಾಧಿ ಕಲ್ಲಿನ ಮೇಲಿನ ಮಿಲೆನ್‌ನ ನಗುಮುಖವನ್ನೇ ನೋಡುತ್ತಾ ನಕ್ಕವಳು ನೆವೆನಾ.